ದೀಪವಿಲ್ಲದ ಮಗ್ಗ

ಗೋಡೆಯಾಚೆ ಸೋಮೇಶ ಮಾತಾಡಿದ.

"ತಪ್ಪಾತು, ಅಣ್ಣಾ."

ಇಜಾಜನ ಕೈಯಲ್ಲಿದ್ದ ಚಹಾ ತುಳುಕಿತು. ಲಕ್ಷ್ಮೇಶ್ವರದ ರಸ್ತೆಯಲ್ಲಿ ಬೈಕು ಉರುಳಿ ಸತ್ತ ಗೆಳೆಯ. ಅವನ ಕುಣಿಗೆ ಇಜಾಜ ಕೈಯಾರೆ ಮಣ್ಣು ಹಾಕಿದ್ದ. ಅಂದು ಸೋಮೇಶನ ಅಣ್ಣ ಸಕ್ರಪ್ಪ ದಾರಿಯುದ್ದಕ್ಕೂ ಇಜಾಜನ ತೋಳು ಬಿಟ್ಟಿರಲಿಲ್ಲ. ಪಾಪ, ದುಃಖಕ್ಕೆ ಅವನ ಕಾಲೇ ನಿಲ್ಲುತ್ತಿಲ್ಲ ಎಂದು ಇಜಾಜ ಅಂದುಕೊಂಡಿದ್ದ.

"ಒಳಗ ಯಾರದಾರ, ವೈನಿ?"

ಸಕ್ರಪ್ಪನ ಹೆಂಡತಿ ಗುರುಸಿದ್ದವ್ವ ಮಗ್ಗದ ಕೋಣೆಯ ಬಾಗಿಲಿಗೆ ಇನ್ನಷ್ಟು ಒತ್ತಿ ಕುಳಿತಳು. "ಚಹಾ ಕುಡಿ ತಮ್ಮಾ, ಆರತೈತಿ."

ಬೆಟಗೇರಿಯ ಆ ಓಣಿಯಲ್ಲಿ ಸುದ್ದಿ ಆಗಲೇ ಹಬ್ಬಿತ್ತು. ಸೋಮೇಶನಿಗೆ ಮುಕ್ತಿ ಸಿಕ್ಕಿಲ್ಲವಂತೆ, ಹಾಡಹಗಲೇ ಬಂದು ಅಣ್ಣನ ಜೊತೆ ಮಾತಾಡುತ್ತಾನಂತೆ. ಇಜಾಜ ನಕ್ಕುಬಿಟ್ಟಿದ್ದ. ಈಗ ಬೆನ್ನು ತಣ್ಣಗಾಯಿತು.

ಮುಕ್ತಿ ಯಾಕಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಮಗ್ಗಕ್ಕೊಂದು ಪೆಟ್ಟಿಗೆ ಕೂಡಿಸುತ್ತೇನೆ, ಯಾವಾಗ ಯಾವ ಬಣ್ಣದ ನೂಲು ಎಂಬುದನ್ನು ಅದರ ದೀಪಗಳೇ ತೋರಿಸುತ್ತವೆ, ಹೊಸಬರೂ ಕಷ್ಟದ ಅಂಚು ನೇಯಬಹುದು ಎಂದಿದ್ದ ಸೋಮೇಶ. ಮೊಬೈಲ್ ಅಂಗಡಿಯ ಇಜಾಜ ಅದನ್ನು ಜಾಲತಾಣಕ್ಕೆ ಹಾಕಿ, ತನ್ನ ಹೆಸರಿನಲ್ಲೇ ಊರೂರಿನ ಮಂದಿಯಿಂದ ಹಣ ಕೇಳಿದ್ದ. ಮುಖ ಕಾಣದವರು ನೂರು, ಇನ್ನೂರು ಕಳಿಸಿದ್ದರು. ಈಗ ಅವರೇ ಯಂತ್ರವೆಲ್ಲಿ ಎಂದು ಕೇಳುತ್ತಿದ್ದರು. ಒಬ್ಬ ಕಳ್ಳ ಎಂದೇ ಬರೆದಿದ್ದ. ಅಂಗಡಿಗೆ ಬರುವವರೂ ಅದನ್ನು ಓದಿದ್ದರು.

ಗೋಡೆಯ ಮಾಡದಲ್ಲಿ ಆ ದೀಪಗಳ ಪೊಟ್ಟಣವಿತ್ತು. ಒಡೆದೇ ಇರಲಿಲ್ಲ. ಅಂದರೆ ದೀಪದ ಕೆಲಸ ಶುರುವೇ ಆಗಿಲ್ಲ. ಜೀವದ ಗೆಳೆಯ ಮೋಸ ಮಾಡಿದನಲ್ಲ ಎಂದುಕೊಂಡ ಇಜಾಜ. ಅವನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದ.

"ಮಗ್ಗಕ್ಕ ಏನ ಕೂಡಿಸ್ಯಾನೋ ಬಿಚ್ಚಿ ಒಯ್ತೀನಿ, ವೈನಿ. ಮಾರಿ ಮಂದಿಗೆ ಕೊಡತೀನಿ."

"ಅದನ್ನ ಒಯ್ದರ ನಮ್ಮ ಮನಿಯವ್ರು ಉಳಿಯಂಗಿಲ್ಲ." ಅವಳ ದನಿ ತಗ್ಗಿತು. "ಹೊರಗ ಹೇಳಬ್ಯಾಡ ತಮ್ಮಾ. ಸಾವಕಾರ್ರ ಕಿವಿಗೆ ಬಿದ್ದರ ನಮಗ ನೂಲು ಕೊಡಂಗಿಲ್ಲ."

ನಿಜವೇ. ದೆವ್ವ ಹೊಕ್ಕ ಮನೆಗೆ ಯಾರು ನೂಲು ಕೊಟ್ಟಾರು?

ಇಜಾಜ ಅವಳನ್ನು ದಾಟಿ ಬಾಗಿಲು ನೂಕಿದ. ಕಿಟಕಿ ಮುಚ್ಚಿತ್ತು. ಗವ್ವೆನ್ನುವ ಕತ್ತಲಲ್ಲಿ ಲಾಳಿ ಅತ್ತಿತ್ತ ಓಡುತ್ತಿತ್ತು. ಗೋಡೆ ತಡವಿ ಸ್ವಿಚ್ ಒತ್ತಿದ.

ಬೆಳಕಿಗೆ ಸಕ್ರಪ್ಪನ ಕಣ್ಣು ಮಿಟುಕಲಿಲ್ಲ.

"ಯಾರದು?" ಅವನು ಗೋಡೆಯ ಕಡೆ ಮುಖ ಮಾಡಿ ಕೇಳಿದ. ಅಂದು ದಾರಿಯುದ್ದಕ್ಕೂ ಅವನು ತೋಳು ಬಿಡದೆ ಹಿಡಿದಿದ್ದು ಯಾಕೆಂದು ಇಜಾಜನಿಗೆ ಈಗ ತಿಳಿಯಿತು.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ಅದೇ ಕಷ್ಟದ ಅಂಚು, ಒಂದೆಳೆಯೂ ತಪ್ಪಿಲ್ಲ. ಚೌಕಟ್ಟಿಗೆ ಬಿಗಿದ ಪೆಟ್ಟಿಗೆಯಲ್ಲಿ ದೀಪಗಳಿರಬೇಕಾದ ಜಾಗದಲ್ಲಿ ಒಂದು ಸಣ್ಣ ಸ್ಪೀಕರ್ ಇತ್ತು.

"ನಾನು, ಇಜಾಜ."

ಸಕ್ರಪ್ಪ ಬೆಚ್ಚಿದ. ಎಳೆಯೊಂದು ಪಟಕ್ಕನೆ ಹರಿಯಿತು. ಇಜಾಜ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ.

"ನೂಲು ಹರೀತು, ಅಣ್ಣಾ," ಪೆಟ್ಟಿಗೆ ಸೋಮೇಶನ ದನಿಯಲ್ಲಿ ಹೇಳಿತು. "ಗಡಿಬಿಡಿ ಮಾಡಬ್ಯಾಡ. ನಾ ಇಲ್ಲೇ ಅದೀನಿ."