ಸುಮ್ನೆ ಆಡು ಮಗ

ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ನಿಶ್ಚಿತನಿಗೆ ಅದು ಮೊದಲ ಪಂದ್ಯ. ಪತ್ರಿಕೆಗಳು ಆಗಲೇ ಅವನನ್ನು ನಾಳಿನ ತಾರೆ ಎಂದು ಬರೆದಿದ್ದವು. ತಂಡದ ಮಾಲೀಕರು ಬೆನ್ನು ತಟ್ಟಿ, "ಈ ಸಲ ಕಪ್ ನಿನ್ನ ಕೈಲಿದೆ" ಎಂದು ಹೋಗಿದ್ದರು. ಬೆಳಗಿನ ಇಡ್ಲಿಯನ್ನೂ ಅವನು ತಟ್ಟೆಯಲ್ಲೇ ಬಿಟ್ಟಿದ್ದ. ಡ್ರೆಸ್ಸಿಂಗ್ ರೂಮಿನ ಮೂಲೆಯಲ್ಲಿ ಕೂತು ಮಂಡ್ಯದ ಅವ್ವನಿಗೆ ಫೋನ್ ಮಾಡಿದ.

"ಎಲ್ರೂ ನನ್ನೇ ನೆಚ್ಕೊಂಡವ್ರೆ ಕಣವ್ವ. ಸೋತ್ರೆ ಏನ್ ಗತಿ ಅಂತ ಭಯ ಆಯ್ತಾ ಅದೆ."

"ಅವ್ರು ಏನಾರ ಅಂದ್ಕೊಳ್ಲಿ ಬುಡು. ಗೆದ್ರೂ ಸರಿ, ಸೋತ್ರೂ ಸರಿ. ನಾವಂತೂ ಏನೂ ಆಸೆ ಇಟ್ಕೊಂಡಿಲ್ಲ. ಸುಮ್ನೆ ಆಡು ಮಗ."

ಅವನಿಗೆ ಉಸಿರು ಬಂದಂತಾಯಿತು. ಬೂಟಿನ ಲೇಸು ಬಿಗಿಯುತ್ತ ನಕ್ಕ.

"ಟಿ.ವಿ.ಲಿ ನೋಡ್ತೀಯ ತಾನೆ?"

"ಟಿ.ವಿ. ಯಾಕ್ಲಾ? ಎರಡು ಬಸ್ ಮಾಡ್ಕೊಂಡು ಊರೋರೆಲ್ಲ ಸ್ಟೇಡಿಯಂಗೇ ಬಂದೀವಿ. ನೀ ಗೆದ್ಮೇಲೆ ಹೊಡ್ಯಕ್ಕೆ ತಂದಿರೋ ಪಟಾಕಿನ ಗೇಟ್‌ನೋರು ಒಳಕ್ಕೆ ಬುಡ್ತಿಲ್ಲ, ಒಂದ್ ಮಾತು ಹೇಳು ಬಾ!"