ಮೂರನೇ ಸುತ್ತು

ಆ ತಂಡಕ್ಕೆ ರಿದಮ್ ಗಿಟಾರ್ ನುಡಿಸಲು ಒಬ್ಬರು ಬೇಕಿತ್ತು. ಅವರು ನುಡಿಸುವ ಜಿಪ್ಸಿ ಜಾಝ್ ಸಂಗೀತದಲ್ಲಿ ಡ್ರಮ್ ಇರುವುದಿಲ್ಲ, ರಿದಮ್ ನುಡಿಸುವವರ ಬಲಗೈಯೇ ಡ್ರಮ್. ಎರಡು ವರ್ಷ ಇದಕ್ಕೆಂದೇ ಅಭ್ಯಾಸ ಮಾಡಿದ್ದ ಹುಡುಗಿ ತಂಡದ ಯಜಮಾನರ ಎದುರು ಕುಳಿತಿದ್ದಳು. ಹೊರಗೆ ಇನ್ನೂ ನಾಲ್ವರು ಕಾಯುತ್ತಿದ್ದರು.

ಹಾಡಿನ ಮೊದಲ ಎರಡು ಸುತ್ತು ಸರಿಯಾಗಿ ಹೋಯಿತು. ಮೂರನೆಯದರಲ್ಲಿ ಯಜಮಾನರು ಕೈಯೆತ್ತಿದರು.

"ನಿಲ್ಸಮ್ಮ. ಒಂದು ಪೆಟ್ಟು ನುಂಗ್ದೆ."

"ಇನ್ನೊಂದ್ಸಲ ನುಡಿಸ್ಲಾ ಸರ್?"

ನುಡಿಸಿದಳು. ಮೂರನೇ ಸುತ್ತಿನ ಅದೇ ಜಾಗದಲ್ಲಿ ಅವಳ ಕೈ ತಾನಾಗಿಯೇ ಜಿಗಿಯಿತು.

ಪಕ್ಕದಲ್ಲಿ ಕುಳಿತಿದ್ದ ತಂಡದ ಪಿಟೀಲಿನವನು ನಕ್ಕ. "ಪಾಪ, ತಿಂಡಿ ತಿಂದಿಲ್ಲ ಅನ್ಸತ್ತೆ."

ಯಜಮಾನರು ನಗಲಿಲ್ಲ. "ಯಾರು ಕಲಿಸಿದ್ದು ನಿಂಗೆ?"

"ಯಾರೂ ಇಲ್ಲ ಸರ್. ಇಂಟರ್‌ನೆಟ್ಟಲ್ಲಿ ಒಂದು ಹಳೇ ಬ್ಯಾಕಿಂಗ್ ಟ್ರ್ಯಾಕ್ ಸಿಕ್ಕಿತ್ತು, ಬರೀ ರಿದಮ್ಮು. ಯಾರ ಹೆಸರೂ ಇರ್ಲಿಲ್ಲ. ದಿನಾ ಅದರ ಜೊತೆಗೇ ನುಡಿಸ್ತಿದ್ದೆ."

"ಅದರಲ್ಲೂ ಇಲ್ಲೇ ಪೆಟ್ಟು ತಪ್ಪುತ್ತಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಯಾವನೋ ದಡ್ಡ ನುಡಿಸಿದ್ದನ್ನ ಎರಡು ವರ್ಷ ಕಲ್ತಿದೀಯಲ್ಲಮ್ಮ! ಅಂಥವನ ಶಿಷ್ಯೆಗೆ ನನ್ನ ತಂಡದಲ್ಲಿ ಜಾಗ ಇಲ್ಲ."

ಅವಳು ಗಿಟಾರನ್ನು ಚೀಲಕ್ಕೆ ಹಾಕತೊಡಗಿದಳು.

"ತಡಿ. ಆ ಟ್ರ್ಯಾಕ್ ಹಾಕು. ಎಲ್ರೂ ಕೇಳ್ಲಿ ಆ ಮಹಾನುಭಾವನ್ನ."

"ಬೇಡ ಸರ್. ನಾನು ಹೋಗ್ತೀನಿ."

"ಅದೇನು ನಾಚ್ಕೆ? ಹಾಕು ಅಂದ್ರೆ ಹಾಕಮ್ಮ."

ಅವಳು ಅವರ ಮುಖವನ್ನೊಮ್ಮೆ ನೋಡಿ, ಮೊಬೈಲನ್ನು ಮೇಜಿನ ಮೇಲಿಟ್ಟು ಒತ್ತಿದಳು.

"ಒನ್, ಟೂ, ಒನ್ ಟೂ ತ್ರೀ ಫೋರ್" ಎಂದು ಅದರೊಳಗಿಂದ ಎಣಿಸಿದ್ದು ಯಜಮಾನರದೇ ದನಿ.