ಬೀಟ್ ಹೊಲದ ಪಾರಿವಾಳ

"ಅತ್ತಿಗೆ, ಈ ಕೋಳೀನ ಇವತ್ತೇ ಸಾರು ಮಾಡಿಬಿಡಿ."

ಸಿಡೋನಿ ಓಡಿಬಂದಳು. ಕೊಟ್ಟಿಗೆಯ ಹುಲ್ಲಿನಡಿ ಅವಳು ಬಚ್ಚಿಟ್ಟ ಬುಟ್ಟಿಯನ್ನು ಮೈದುನ ಓಡಿಲ್ ತೆರೆದಿದ್ದ. ಒಳಗಿದ್ದುದು ಕೋಳಿಯಲ್ಲ, ಪಾರಿವಾಳ. ಬೆಳಿಗ್ಗೆ ಬೀಟ್ ಗೆಡ್ಡೆಯ ಹೊಲದಲ್ಲಿ ಪುಟ್ಟ ಪ್ಯಾರಾಚೂಟಿನ ಜೊತೆ ಬಿದ್ದಿತ್ತು. ಕಾಲಿಗೆ ಕೊಳವೆ, ಪಕ್ಕದಲ್ಲಿ ಚೀಟಿ: 'ಜರ್ಮನರ ವಿಷಯ ಬರೆದು ಹಾರಿಬಿಡಿ. ಹಕ್ಕಿ ಇಂಗ್ಲೆಂಡಿಗೆ ಮರಳುತ್ತದೆ.'

ಬಾಗಿಲಾಚೆ ಜರ್ಮನ್ ಸೈನಿಕನೊಬ್ಬ ತನ್ನ ಅಧಿಕಾರಿಗಳ ಬಂಗಲೆಗೆಂದು ಗಾಡಿಗೆ ಹುಲ್ಲು ಹೇರುತ್ತಿದ್ದ. ಊರಿನ ಮಾತು ಅವನಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಓಡಿಲ್ ಹಕ್ಕಿಯ ಗಂಟಲಚೀಲ ಒತ್ತಿ ನೋಡಿದ. "ಜೋಳ ಇನ್ನೂ ಕರಗಿಲ್ಲ. ಹಾರಿಬಿಟ್ಟೀತು ಅತ್ತಿಗೆ, ಈಗಲೇ ಕತ್ತು ಮುರೀರಿ."

"ನನಗೂ ಒಂದು ತೊಡೆ ಎತ್ತಿಡಮ್ಮಾ!" ಸೈನಿಕ ಹೊರಗಿನಿಂದಲೇ ನಕ್ಕ.

"ನಮ್ಮನೆ ಒಲೆ ಚಿಂತೆ ನಿನಗ್ಯಾಕೋ?" ಸಿಡೋನಿ ಓಡಿಲ್‌ನತ್ತ ಹಲ್ಲು ಕಡಿದಳು. "ನಿನ್ನ ದೊರೆಗಳ ಒಲೆ ಊದು, ಹೋಗು."

"ಕೈ ಮುಗೀತೀನಿ, ಅತ್ತಿಗೆ."

ಥೂ, ಇವನೂ ಒಬ್ಬ ಮನುಷ್ಯನೇ! ಬೆಲ್ಜಿಯಂಗೆ ನುಗ್ಗಿದ ವಾರದಲ್ಲೇ ಜರ್ಮನರು ಇವನ ನಲವತ್ತು ಪಂದ್ಯದ ಪಾರಿವಾಳಗಳನ್ನು ಕೊಲ್ಲಿಸಿದ್ದರು. ಮರುತಿಂಗಳೇ ಇವನು ಅವರ ಬಂಗಲೆಯಲ್ಲಿ ಚಾಕರಿಗೆ ಸೇರಿದ. ಏನು ಚಾಕರಿಯೋ, ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಸತ್ತ ಗಂಡನ ತಮ್ಮ ಎಂದು ಹೇಳಿಕೊಳ್ಳಲೂ ಅವಳಿಗೆ ನಾಚಿಕೆ.

ಓಡಿಲ್‌ನನ್ನೂ ಹತ್ತಿಸಿಕೊಂಡು ಗಾಡಿ ಹೋಯಿತು. ಇನ್ನೊಂದು ಗಂಟೆಯಲ್ಲಿ ಇವನು ಚಾಡಿ ಹೇಳುವುದು ಖಂಡಿತ. ಅಷ್ಟರೊಳಗೆ ಹಕ್ಕಿ ಹೋಗಬೇಕು. ಜೋಳವಂತೆ! ಊರಿನಲ್ಲಿ ಜೋಳ ಕಂಡು ವರ್ಷವಾಗಿತ್ತು. ಇಂಗ್ಲೆಂಡಿನವರಿಗೇನು ಬರ, ಹೊಟ್ಟೆ ತುಂಬ ತಿನ್ನಿಸಿಯೇ ಕಳಿಸಿದ್ದಾರೆ.

ಅವಳು ಮಾಳಿಗೆ ಹತ್ತಿದಳು. ಹನ್ನೆರಡು ದಿನಗಳಿಂದ ಅಲ್ಲಿ ಇಂಗ್ಲಿಷ್ ವೈಮಾನಿಕನೊಬ್ಬ ಜ್ವರದಲ್ಲಿ ನರಳುತ್ತಿದ್ದ. ಕಾಲು ಕೊಳೆಯತೊಡಗಿತ್ತು. ಊರಿನ ವೈದ್ಯನನ್ನು ನಂಬುವ ಹಾಗಿರಲಿಲ್ಲ. ಹಕ್ಕಿ ತೋರಿಸಿ, ಸಮುದ್ರದ ಕಡೆ ಕೈ ಮಾಡಿದಳು. ಅವನು ಅದರ ನೆತ್ತಿಗೆ ಮುತ್ತಿಟ್ಟು ಅತ್ತುಬಿಟ್ಟ. ಅವಳಿಗೂ ಅಳು ತಡೆಯಲಿಲ್ಲ.

ಗುಂಡಗೆ ಬರೆದಳು: 'ನಿಮ್ಮ ವೈಮಾನಿಕ ನನ್ನ ಮಾಳಿಗೆಯಲ್ಲಿದ್ದಾನೆ. ಗಾಳಿಗಿರಣಿಯ ಪಕ್ಕದ ಮನೆ. ಬೇಗ ಯಾರನ್ನಾದರೂ ಕಳಿಸಿ. ಸಿಡೋನಿ.'

ಚೀಟಿಯನ್ನು ಕೊಳವೆಗೆ ತುರುಕಿ, ಅಂಗಳದಲ್ಲಿ ನಿಂತು, ಪಶ್ಚಿಮದ ಸಮುದ್ರಕ್ಕೆ ಮುಖ ಮಾಡಿ ಹಕ್ಕಿಯನ್ನು ಹಾರಿಬಿಟ್ಟಳು. "ಹೋಗು ನನ್ನಪ್ಪಾ, ದಾರಿ ತಪ್ಪಬೇಡ."

ಅದು ದಾರಿ ತಪ್ಪಲಿಲ್ಲ. ಎರಡು ಸುತ್ತು ಹಾಕಿ, ಸಮುದ್ರಕ್ಕೆ ಬೆನ್ನು ತಿರುಗಿಸಿ, ಬಂಗಲೆಯ ಮಾಡಿನಲ್ಲಿದ್ದ ತನ್ನ ಗೂಡಿಗೆ ಇಳಿಯಿತು. ಅಲ್ಲಿ ಓಡಿಲ್ ಜೋಳದ ಚೀಲ ಸರಿಸಿ ಹೊಸ ಹುಲ್ಲು ಹಾಸುತ್ತಿದ್ದ, ಪಕ್ಕದಲ್ಲಿ ಜರ್ಮನ್ ಅಧಿಕಾರಿ ಕೈಚಾಚಿ ಕಾಯುತ್ತಿದ್ದ.